ಪೇಪರಿನಲ್ಲಿ ಕನ್ನಡ, ಪುಟ ತೆರೆದರೆ ಮಂಗಮಾಯ!

ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ಒಂದು ಹಳೇ ಬೆಂಚಿದೆ. ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಪೇಪರ್ ಓದುವವರು ನನ್ನ ಸೋದರಮಾವ. ವಯಸ್ಸು ಎಪ್ಪತ್ತು ದಾಟಿದೆ. ಮದ್ದೂರು ಕಡೆಯಿಂದ ಬಂದು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮಿಷನ್ ಮುಂದೆ ನಿಂತ ಕಾಲು ಅವರದ್ದು. ಅವರು ಪೇಪರ್ ಓದುವುದೆಂದರೆ ಮೊದಲ ಪುಟದ ತಲೆಬರಹದಿಂದ ಹಿಡಿದು ಕೊನೇ ಪುಟದ ಅಡಿಯಲ್ಲಿರುವ ಮುದ್ರಕರ ಹೆಸರಿನವರೆಗೆ. ಟೆಂಡರ್ ನೋಟೀಸು, ಕೋರ್ಟು ಪ್ರಕಟಣೆ, ಕಳೆದುಹೋದವರ ಫೋಟೋ, ಯಾವುದನ್ನೂ ಬಿಡುವುದಿಲ್ಲ.

ಹೋದ ವರ್ಷ ಒಂದು ದಿನ ಅಲ್ಲಿಂದಲೇ ಕೂಗಿದರು. "ಬಾಪ್ಪ ಇಲ್ಲಿ. ನನ್ ಷೇರಿನ ಕಂಪ್ನಿ ಹೆಸ್ರು ಬಂದೈತೆ. ಷೇರು ಸರ್ಕಾರಕ್ಕೆ ಹೋಯ್ತದೆ ಅಂತ ಬರ್ದವ್ರೆ. ಏನ್ಲಾ ಇದು?"

ತೊಂಬತ್ತರ ದಶಕದ ಆರಂಭದಲ್ಲಿ ಊರಿಗೂರೇ ಷೇರು ಷೇರು ಅಂತ ಹುಚ್ಚೆದ್ದಿತ್ತಲ್ಲ, ಆಗ ಜೊತೆಯವರ ಮಾತು ಕೇಳಿ ಒಂದು ಕಂಪನಿಯ ನೂರು ಷೇರು ತೆಗೆದುಕೊಂಡಿದ್ದರು. ಷೇರುಪತ್ರ ನಮ್ಮ ಅತ್ತೆಯ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಭದ್ರವಾಗಿತ್ತು. ಮೊದಮೊದಲು ಡಿವಿಡೆಂಡ್ ವಾರಂಟು ಅಂಚೆಯಲ್ಲಿ ಬರುತ್ತಿತ್ತು. ಮನೆ ಬದಲಾಯಿಸಿದರು, ಬರುವುದು ನಿಂತಿತು. ಕಂಪನಿಗೆ ವಿಳಾಸ ಬದಲಾವಣೆ ತಿಳಿಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಜಾಹೀರಾತು ಶುದ್ಧ ಕನ್ನಡದಲ್ಲೇ ಇತ್ತು. ಸತತ ಏಳು ವರ್ಷ ಡಿವಿಡೆಂಡ್ ಪಡೆಯದವರ ಷೇರುಗಳನ್ನು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ವರ್ಗಾಯಿಸಲಾಗುವುದು, ಅಂಥವರ ಹೆಸರುಗಳ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿದೆ, ನೋಡಿಕೊಳ್ಳಿ. ಕೆಳಗೆ ವಿಳಾಸ.

ನೋಡೋಣ ಅಂತ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ತೆರೆದೆ. ಅಲ್ಲಿಗೆ ಕನ್ನಡ ಮುಗಿಯಿತು!

ಇಡೀ ಸೈಟಿನಲ್ಲಿ ಹುಡುಕಿದರೂ ಒಂದು ಕನ್ನಡ ಅಕ್ಷರವಿಲ್ಲ. ಹೂಡಿಕೆದಾರರ ವಿಭಾಗ ಎಲ್ಲಿದೆ ಅಂತ ಹುಡುಕಲು ಐದು ನಿಮಿಷ. ಅದರೊಳಗೊಂದು ಬಾಗಿಲು, ಬಾಗಿಲೊಳಗೊಂದು ಕಿಂಡಿ, ಕಿಂಡಿಯೊಳಗೆ ಪಟ್ಟಿ. ಆ ಪಟ್ಟಿಯನ್ನು ಕಾಗದದ ಮೇಲೆ ತೆಗೆದು, ಸ್ಕ್ಯಾನ್ ಮಾಡಿ ಏರಿಸಿದ್ದರು. ಅಂದರೆ ಅದು ಅಕ್ಷರವಲ್ಲ, ಅಕ್ಷರದ ಫೋಟೋ. ಹುಡುಕು ಅಂದರೆ ಹುಡುಕುವುದಿಲ್ಲ. ಒಂದೊಂದೇ ಪುಟ ತಿರುಗಿಸಿ ಕಣ್ಣಲ್ಲೇ ನೋಡಬೇಕು. ಹೆಸರು ಬೇರೆ ಇಂಗ್ಲಿಷಿನಲ್ಲಿ. ಮಾವನ ಹೆಸರಿನ ಕೊನೆಗೆ 'ಗೌಡ' ಇದೆ. ಈ ಎರಡಕ್ಷರವನ್ನು ಇಂಗ್ಲಿಷಿನಲ್ಲಿ ಡಬ್ಲ್ಯು ಹಾಕಿ ಬರೆಯುವವರಿದ್ದಾರೆ, ಯು ಹಾಕಿ ಬರೆಯುವವರಿದ್ದಾರೆ, ಮುಂದಿನ ಹೆಸರಿಗೆ ಅಂಟಿಸಿ ಬರೆಯುವವರಿದ್ದಾರೆ, ಬಿಡಿಸಿ ಬರೆಯುವವರಿದ್ದಾರೆ. ಮೂರು ಸಂಜೆ ಕೂತೆವು. ಮೂರನೇ ಸಂಜೆ, ಇನಿಷಿಯಲ್ಲು ಹಿಂದುಮುಂದಾಗಿ, ಗೌಡ ಎರಡು ತುಂಡಾಗಿ, ಮಾವ ಸಿಕ್ಕಿದರು.

ಆಮೇಲಿನದ್ದು ದೊಡ್ಡ ಕಥೆ. ಫಾರಂ ಇಂಗ್ಲಿಷು. ಫೋನು ಎತ್ತಿದವರಿಗೆ ಕನ್ನಡ ಬಾರದು. ಬ್ಯಾಂಕಿನಲ್ಲಿ ಸಹಿ ದೃಢೀಕರಿಸಿಕೊಂಡು ಬನ್ನಿ ಅಂದರು, ಬ್ಯಾಂಕಿನಲ್ಲಿ ನಾಳೆ ಬನ್ನಿ ಅಂದರು. ಗಡುವು ದಾಟಿತು. ನೂರು ಷೇರು ನಿಧಿಗೆ ಹೋಯಿತು. ಅದನ್ನು ವಾಪಸು ಪಡೆಯಲು ದಾರಿಯಿದೆ. ಐಇಪಿಎಫ್-5 ಎಂಬ ಫಾರಂ ತುಂಬಿ, ದಾಖಲೆಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಿ, ಕಂಪನಿ ಪರಿಶೀಲಿಸಿ ವರದಿ ಕೊಟ್ಟ ಮೇಲೆ ಬರುತ್ತದೆ. ನಾವು ಆ ದಾರಿಯಲ್ಲಿ ಈಗ ನಡೆಯುತ್ತಿದ್ದೇವೆ. ಕಂಪನಿಯ ಹೆಸರು ಬರೆಯುವುದಿಲ್ಲ. ಒಂದು ಕಂಪನಿಯ ತಲೆ ಮೇಲೆ ಗೂಬೆ ಕೂರಿಸಿ ಉಳಿದವರನ್ನು ಸಾಚಾ ಮಾಡುವುದು ನನಗೆ ಬೇಕಿಲ್ಲ.

ಈಗ ಕಾನೂನಿಗೆ ಬರೋಣ. ಪಿಯುಸಿ ಓದಿದ ಪ್ರೆಸ್ಸಿನವನು ಕಾನೂನು ಹೇಳ್ತಾನೆ ಅಂತ ನಗಬೇಡಿ. ಮಾವನ ದೆಸೆಯಿಂದ ಓದಿ ತಿಳಿದುಕೊಂಡಿದ್ದೇನೆ.

ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿದ ಕಂಪನಿಗಳು ಏನು ಮಾಡಬೇಕು, ಏನನ್ನು ಬಯಲು ಮಾಡಬೇಕು ಅಂತ ಸೆಬಿ 2015ರಲ್ಲಿ ನಿಯಮಗಳನ್ನು ಮಾಡಿತು. ಅದರ 46ನೇ ನಿಯಮ ಹೇಳುವುದು ಇಷ್ಟು: ಪ್ರತಿ ಕಂಪನಿಗೂ ಕೆಲಸ ಮಾಡುವ ವೆಬ್‌ಸೈಟು ಇರಬೇಕು, ಅದರಲ್ಲಿ ಪ್ರತ್ಯೇಕ ವಿಭಾಗ ಮಾಡಿ ಹೂಡಿಕೆದಾರರಿಗೆ ಬೇಕಾದ ಮಾಹಿತಿ ಹಾಕಬೇಕು. ಹಣಕಾಸಿನ ಫಲಿತಾಂಶ, ವಾರ್ಷಿಕ ವರದಿ, ಯಾರ ಕೈಯಲ್ಲಿ ಎಷ್ಟು ಷೇರಿದೆ ಎಂಬ ವಿವರ, ಆಡಳಿತ ಮಂಡಳಿಯ ಸಮಿತಿಗಳಲ್ಲಿ ಯಾರ್ಯಾರಿದ್ದಾರೆ, ದೂರು ಕೊಡಲು ಇಮೇಲ್, ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು-ವಿಳಾಸ, ಎಲ್ಲವೂ. ಏನಾದರೂ ಬದಲಾದರೆ ಎರಡು ಕೆಲಸದ ದಿನಗಳೊಳಗೆ ಪುಟದಲ್ಲೂ ಬದಲಾಗಬೇಕು. ಬಹಳ ಒಳ್ಳೆಯ ನಿಯಮ. ಆದರೆ ಯಾವ ಭಾಷೆಯಲ್ಲಿ ಅಂತ ಕೇಳಿದರೆ ಈ ನಿಯಮಕ್ಕೆ ಬಾಯಿಲ್ಲ.

ಪಕ್ಕದ 47ನೇ ನಿಯಮಕ್ಕೆ ಬಾಯಿದೆ. ಹಣಕಾಸಿನ ಫಲಿತಾಂಶದ ಪ್ರಕಟಣೆಯನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ, ಕಂಪನಿಯ ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ದಿನಪತ್ರಿಕೆಯಲ್ಲೂ ಕೊಡಬೇಕು ಅಂತ ಅದು ಹೇಳುತ್ತದೆ. 2015ಕ್ಕೆ ಮೊದಲಿನ ಲಿಸ್ಟಿಂಗ್ ಒಪ್ಪಂದದಲ್ಲೂ ಇದು ಇತ್ತು. ಕಂಪನಿ ಕಾಯ್ದೆಯ ಕೆಳಗಿನ 2014ರ ನಿಯಮಗಳೂ ಹಾಗೇ. ವಾರ್ಷಿಕ ಸಭೆಯ ಎಲೆಕ್ಟ್ರಾನಿಕ್ ಮತದಾನದ ನೋಟೀಸನ್ನು ನೋಂದಾಯಿತ ಕಚೇರಿ ಇರುವ ಜಿಲ್ಲೆಯ ಮುಖ್ಯ ದೇಶಭಾಷೆಯಲ್ಲಿ ಪ್ರಕಟಿಸಬೇಕು. ಮಾವ ಓದಿದ ಜಾಹೀರಾತು ಕೂಡ 2016ರ ನಿಯಮ ಹೇಳಿದ್ದರಿಂದಲೇ ಕನ್ನಡದಲ್ಲಿ ಬಂದದ್ದು. ಕಂಪನಿಯ ಕನ್ನಡ ಪ್ರೀತಿಯಿಂದಲ್ಲ!

ಅಂದರೆ ನೋಡಿ, ಷೇರುದಾರನಿಗೆ ಅವನ ನೆಲದ ಭಾಷೆಯಲ್ಲಿ ಹೇಳಬೇಕು ಅಂತ ಈ ದೇಶದ ಕಾನೂನು ಯಾವತ್ತೋ ಒಪ್ಪಿಕೊಂಡಿದೆ. ನಾವು ಹೊಸದಾಗಿ ಏನನ್ನೂ ಬೇಡುತ್ತಿಲ್ಲ. ಕಾಗದದ ಮೇಲೆ ಒಪ್ಪಿಕೊಂಡದ್ದನ್ನು ಪರದೆಯ ಮೇಲೆ ಮರೆತದ್ದೇಕೆ ಅಂತ ಕೇಳುತ್ತಿದ್ದೇವೆ, ಅಷ್ಟೇ.

ಇದನ್ನು ಈಗಲೇ ಕೇಳಬೇಕಾಗಿರುವುದಕ್ಕೆ ಕಾರಣವಿದೆ. 2024ರ ಡಿಸೆಂಬರಿನಲ್ಲಿ ಸೆಬಿ 47ನೇ ನಿಯಮವನ್ನು ತಿದ್ದಿತು. ಫಲಿತಾಂಶದ ವಿವರವನ್ನೆಲ್ಲ ಪತ್ರಿಕೆಯಲ್ಲಿ ಅಚ್ಚು ಹಾಕಿಸಲೇಬೇಕು ಅಂತ ಈಗಿಲ್ಲ. ಒಂದು ಕ್ಯೂಆರ್ ಕೋಡು, ಪೂರ್ತಿ ಫಲಿತಾಂಶ ಸಿಗುವ ಪುಟದ ವಿಳಾಸ, ಇಷ್ಟು ಹಾಕಿದರೆ ನಡೆಯುತ್ತದೆ. ಕನ್ನಡ ಪತ್ರಿಕೆಯಲ್ಲಿ ಕಪ್ಪು ಬಿಳುಪಿನ ಚೌಕ. ಅದಕ್ಕೆ ಮೊಬೈಲ್ ಹಿಡಿದರೆ ತೆರೆಯುವುದು ಇಂಗ್ಲಿಷ್ ಪುಟ. ಕಾನೂನು ಕನ್ನಡಕ್ಕೆ ಕೊಟ್ಟಿದ್ದ ಜಾಗದಲ್ಲಿ ಇನ್ನು ಮುಂದೆ ಇಂಗ್ಲಿಷಿಗೆ ದಾರಿ ತೋರಿಸುವ ಕೈಕಂಬ ಮಾತ್ರ ನಿಂತಿರುತ್ತದೆ.

ಪ್ರೆಸ್ಸಿನವನಲ್ವಾ, ಜಾಹೀರಾತು ಹೋಯಿತು ಅಂತ ಅಳುತ್ತಿದ್ದಾನೆ ಅನ್ನಬೇಡಿ. ಕಂಪನಿಗಳ ಜಾಹೀರಾತಾಗಲಿ ವಾರ್ಷಿಕ ವರದಿಯಾಗಲಿ ನನ್ನ ಮಿಷನ್ನಿನ ಹತ್ತಿರಕ್ಕೂ ಬಂದಿದ್ದಿಲ್ಲ. ನನ್ನದು ಲಗ್ನಪತ್ರಿಕೆ, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಆ ಜಾಹೀರಾತುಗಳಲ್ಲಿದ್ದ ಕನ್ನಡವೂ ಮುತ್ತು ರತ್ನವೇನಾಗಿರಲಿಲ್ಲ. 'ಲೆಕ್ಕಪರಿಶೋಧನೆಗೊಳಪಡದ ಸ್ವತಂತ್ರ ಹಣಕಾಸು ಫಲಿತಾಂಶ' ಅಂತಾರೆ. ಸ್ವತಂತ್ರ ಅಂದರೆ ಯಾರಿಂದ ಸ್ವತಂತ್ರ? ಬ್ರಿಟಿಷರಿಂದಲೇ? ಅವರು ಹೇಳಬೇಕಾಗಿದ್ದು, ಅಂಗಸಂಸ್ಥೆಗಳ ಲೆಕ್ಕ ಸೇರಿಸದೆ ಈ ಕಂಪನಿಯೊಂದರ ಲೆಕ್ಕ ಅಂತ. ಇನ್ನೊಂದು ಕಡೆ 'ಕ್ರೋಢೀಕೃತ' ಅಂತ ಬರುತ್ತದೆ. ಅಂಗಸಂಸ್ಥೆಗಳನ್ನೂ ಸೇರಿಸಿದ್ದು ಅಂತ ಅದರ ಅರ್ಥ. ಹಾಗೇ ಬರೆದರೆ ಲೇತ್ ಮಿಷನ್ನಿನ ಮುಂದೆ ನಿಂತವನಿಗೂ ಅರ್ಥವಾಗುತ್ತದೆ. ಕಾನೂನಿನ ಕಾಟಕ್ಕೆ ಬರೆದ ಕನ್ನಡಕ್ಕೂ ಓದುವವನಿಗಾಗಿ ಬರೆದ ಕನ್ನಡಕ್ಕೂ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ.

ಕಾಗದವೇ ಉಳಿಯಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ನಿಜ ಹೇಳಬೇಕೆಂದರೆ ಕಾಗದಕ್ಕೆ ಒಂದು ದೊಡ್ಡ ಕೊರತೆಯಿದೆ. ನೋಂದಾಯಿತ ಕಚೇರಿ ಎಲ್ಲಿದೆಯೋ ಅಲ್ಲಿನ ಭಾಷೆಗೆ ಮಾತ್ರ ಅಲ್ಲಿ ಜಾಗ. ನಮ್ಮ ಬ್ಯಾಂಕುಗಳ ಗತಿ ನೋಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ವಿಜಯಾ ಬ್ಯಾಂಕಿನ ಪ್ರತಿ 1000 ಷೇರಿಗೆ ಬರೋಡಾದ 402 ಷೇರು ಕೊಟ್ಟರು. ಬರೋಡಾ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ವಡೋದರಾದಲ್ಲಿ. ಮಂಗಳೂರಿನ ಷೇರುದಾರನಿಗೆ ಆ ದಿನದಿಂದ 'ಪ್ರದೇಶದ ಭಾಷೆ' ಯಾವುದು? ಗುಜರಾತಿ! 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಮುಂಬಯಿಯ ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಅವರಿಗೆ ಮರಾಠಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಹೋಗಿತ್ತು, ಅದರ ಯಜಮಾನರ ಮನೆಯೂ ಮುಂಬಯಿಯೇ. ಸಿಂಡಿಕೇಟ್ ಬ್ಯಾಂಕೊಂದು ಬೆಂಗಳೂರಿನ ಕೆನರಾ ಬ್ಯಾಂಕಿಗೆ ಸೇರಿದ್ದರಿಂದ ಅದರ ಷೇರುದಾರರಿಗೆ ಕನ್ನಡ ಉಳಿಯಿತು. ಅಂದರೆ ಕರಾವಳಿಯ ಒಂದೇ ಬೀದಿಯ ನಾಲ್ಕು ಮನೆಗಳ ಷೇರುದಾರರು ಬೇರೆ ಬೇರೆ ಭಾಷೆಯ ನೋಟೀಸಿಗೆ ಗುರಿಯಾದರು.

ಪತ್ರಿಕೆಯಲ್ಲಿ ಹತ್ತು ಭಾಷೆಯ ಜಾಹೀರಾತು ಕೊಡಿ ಅಂದರೆ ಖರ್ಚಿನ ಮಾತು ಬರುತ್ತದೆ, ಒಪ್ಪೋಣ. ವೆಬ್ ಪುಟಕ್ಕೆ ಕಾಗದವಿಲ್ಲ, ಶಾಯಿಯಿಲ್ಲ, ಕಾಲಂ ಸೆಂಟಿಮೀಟರಿನ ದರವಿಲ್ಲ. ಒಂದು ಸಲ ಕನ್ನಡದ ಪುಟ ಕಟ್ಟಿದರೆ ಬೀದರಿನವನೂ ನೋಡಬಹುದು, ಮುಂಬಯಿಯ ಕನ್ನಡದವನೂ ನೋಡಬಹುದು, ಅಮೆರಿಕಕ್ಕೆ ಹೋದ ಮಗ ಊರಿನಲ್ಲಿರುವ ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಲೂಬಹುದು. ಮೂಲೆಯಲ್ಲಿ 'ಕನ್ನಡ' ಅಂತ ಒಂದು ಗುಂಡಿ. ಇಷ್ಟಕ್ಕೆ ಇಷ್ಟೊಂದು ಬಡತನವೇ?

ಆಗುವುದಿಲ್ಲ ಅನ್ನುವವರಿಗೆ ಬೇರೆ ಊರುಗಳನ್ನು ತೋರಿಸಬೇಕು. ಹಾಂಗ್‌ಕಾಂಗಿನಲ್ಲಿ ಷೇರುಪೇಟೆಯ ಕಂಪನಿಗಳು ತಮ್ಮ ಪ್ರಕಟಣೆಗಳನ್ನು ಇಂಗ್ಲಿಷಿನಲ್ಲೂ ಚೀನಿಯಲ್ಲೂ ಕೊಡುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನರಿಗೆ ಷೇರು ಮಾರಲು ಹೊರಟ ಕಂಪನಿಯ ಪ್ರಾಸ್ಪೆಕ್ಟಸ್ಸು ಫ್ರೆಂಚಿನಲ್ಲಿ ಇರಬೇಕು, ಪಕ್ಕದಲ್ಲಿ ಇಂಗ್ಲಿಷ್ ಇಟ್ಟುಕೊಂಡರೆ ಅಭ್ಯಂತರವಿಲ್ಲ. ಜಪಾನಿನದ್ದು ಇನ್ನೂ ಮಜಾ. ಅಲ್ಲಿ ಕಂಪನಿಗಳು ಮೊದಲಿನಿಂದ ಜಪಾನಿ ಭಾಷೆಯಲ್ಲೇ ಲೆಕ್ಕ ಒಪ್ಪಿಸುತ್ತಿದ್ದವು. ಹೊರಗಿನ ಹೂಡಿಕೆದಾರರಿಗೂ ಅನುಕೂಲವಾಗಲಿ ಅಂತ ಟೋಕಿಯೋ ಷೇರುಪೇಟೆ 2025ರ ಏಪ್ರಿಲ್‌ನಿಂದ ತನ್ನ ದೊಡ್ಡ ಕಂಪನಿಗಳಿಗೆ, ಫಲಿತಾಂಶವನ್ನು ಇಂಗ್ಲಿಷಿನಲ್ಲೂ ಅದೇ ಹೊತ್ತಿಗೆ ಕೊಡಿ ಅಂತ ಕಡ್ಡಾಯ ಮಾಡಿತು. ಅಲ್ಲಿ ಮನೆಯ ಭಾಷೆ ಮನೆಯಲ್ಲೇ ಇತ್ತು, ಇಂಗ್ಲಿಷ್ ನೆಂಟನಾಗಿ ಬಂತು. ನಮ್ಮಲ್ಲಿ ನೆಂಟ ಪಡಸಾಲೆಯಲ್ಲಿ ಮಲಗಿದ್ದಾನೆ, ಮನೆಯವಳು ಹೊಸಿಲ ಹೊರಗೆ ನಿಂತಿದ್ದಾಳೆ.

ಅಷ್ಟು ದೂರ ಯಾಕೆ, ನಮ್ಮೂರಿನ ಇನ್ಫೋಸಿಸ್ಸನ್ನೇ ನೋಡಿ. 1993ರಲ್ಲಿ ಜನರಿಗೆ ಷೇರು ಕೊಟ್ಟ ಕಂಪನಿ. 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಗೆ ಹೋಯಿತು. ಆ ದಿನಗಳ ಅದರ ವಾರ್ಷಿಕ ವರದಿಗಳಲ್ಲಿ ಭಾರತದ ಲೆಕ್ಕ, ಅಮೆರಿಕದ ಲೆಕ್ಕ ಎರಡೂ ಸಾಲದು ಅಂತ ಆಸ್ಟ್ರೇಲಿಯಾ, ಕೆನಡಾ, ಫ್ರಾನ್ಸ್, ಜರ್ಮನಿ, ಜಪಾನ್, ಬ್ರಿಟನ್ ದೇಶಗಳ ಲೆಕ್ಕದ ಪದ್ಧತಿಗೂ ಹೊಂದಿಸಿ ಕೊಟ್ಟಿದ್ದರು. ಯಾವ ಕಾನೂನೂ ಹಾಗೆ ಮಾಡಿ ಅಂದಿರಲಿಲ್ಲ. ಹೊರದೇಶದ ಹೂಡಿಕೆದಾರ ಕಷ್ಟಪಡಬಾರದು ಅಂತ ತಾವಾಗಿಯೇ ಮಾಡಿದ ಕೆಲಸ. ಹೆಮ್ಮೆಯ ಕೆಲಸ, ಅನುಮಾನವಿಲ್ಲ. ಆರು ದೇಶದವರಿಗೆ ಅಷ್ಟು ಮಾಡಬಲ್ಲ ಊರಿಗೆ ಮದ್ದೂರಿನವನಿಗೆ ಒಂದು ಪುಟ ಮಾಡುವುದು ಕಷ್ಟವೇ?

ಇಲ್ಲಿಂದ ಮುಂದಿನದ್ದು ನಿಮಗೆ, ಹುಡುಗರೇ. ಈ ಪುಟಗಳನ್ನು ಕಟ್ಟುವವರು ಯಾರು ಅಂದುಕೊಂಡಿದ್ದೀರಿ? ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ, ಮನೆಯ ಅಟ್ಟದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ನಿಮ್ಮಂಥವರೇ. ಹಾಗಾಗಿ ಅಚ್ಚಿನ ಮನೆಯವನ ನಾಲ್ಕು ಮಾತು ಕೇಳಿ.

ಎಲ್ಲವನ್ನೂ ಕನ್ನಡ ಮಾಡಿ ಅಂತ ಕೇಳಬೇಡಿ. ಮುನ್ನೂರು ಪುಟದ ವಾರ್ಷಿಕ ವರದಿಯನ್ನು ತರ್ಜುಮೆ ಮಾಡಿ ಅಂದರೆ ಕಂಪನಿಯ ವಕೀಲರು ಅಲ್ಲೇ ಅಡ್ಡ ಮಲಗುತ್ತಾರೆ. ಒಂದು ಪದ ಆಚೀಚೆ ಆದರೆ ಹೊಣೆ ಯಾರು ಅಂತಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಅರ್ಥದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ ಅಂತ ಕೆಳಗೊಂದು ಸಾಲು ಹಾಕಿಕೊಳ್ಳಲಿ, ನಮ್ಮ ತಕರಾರಿಲ್ಲ. ಮೊದಲು ಬೇಕಾಗಿರುವುದು ಸಾಮಾನ್ಯ ಷೇರುದಾರ ಬಾಗಿಲು ತಟ್ಟುವ ಜಾಗಗಳು. ವಿಳಾಸ ಬದಲಾಯಿಸುವುದು ಹೇಗೆ, ಬ್ಯಾಂಕ್ ಖಾತೆ ಸೇರಿಸುವುದು ಹೇಗೆ, ನಾಮಿನಿ ಹಾಕುವುದು ಹೇಗೆ, ಗಂಡ ತೀರಿಕೊಂಡರೆ ಷೇರು ಹೆಂಡತಿಯ ಹೆಸರಿಗೆ ಬರುವುದು ಹೇಗೆ. ಇದು ಸಣ್ಣ ವಿಷಯವಲ್ಲ. ಕಾಗದದ ಷೇರನ್ನು ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವುದನ್ನು 2019ರ ಏಪ್ರಿಲ್‌ನಿಂದ ಸೆಬಿ ನಿಲ್ಲಿಸಿದೆ. ವಾರಸುದಾರರ ಹೆಸರಿಗೆ ಬರುವುದು ಬೇರೆ ಮಾತು. ಕಾಗದದ ಷೇರಿನ ಕೆವೈಸಿ ಕೊಡದಿದ್ದರೆ 2024ರ ಏಪ್ರಿಲ್‌ನಿಂದ ಡಿವಿಡೆಂಡು ಖಾತೆಗೆ ಬರುವುದಿಲ್ಲ, ತಡೆದಿಡುತ್ತಾರೆ. ಹಾಗೆ ಬರದೆ ಬರದೆ ಏಳು ವರ್ಷವಾದರೆ ಮುಂದೇನಾಗುತ್ತದೆ ಅಂತ ನಮ್ಮ ಮಾವನನ್ನು ಕೇಳಿ. ಟ್ರಂಕಿನಲ್ಲಿ ಷೇರುಪತ್ರ ಇಟ್ಟುಕೊಂಡ ಎಷ್ಟು ಮನೆಗಳಿಗೆ ಈ ಸುದ್ದಿ ಅವರ ಭಾಷೆಯಲ್ಲಿ ಮುಟ್ಟಿದೆ?

ಎರಡನೆಯದು, ನಿಧಿಗೆ ಹೋಗುವವರ ಹೆಸರಿನ ಪಟ್ಟಿ. ಅದು ಫೋಟೋ ಆಗಬಾರದು, ಹುಡುಕಲು ಬರುವ ಅಕ್ಷರವಾಗಬೇಕು. ಫೋಲಿಯೋ ನಂಬರ್ ಹೊಡೆದರೆ ಸಿಗಬೇಕು, ಹೆಸರಿನ ಅರ್ಧ ಹೊಡೆದರೂ ಸಿಗಬೇಕು, ಗೌಡ-ಪಾಟೀಲ-ಶೆಟ್ಟಿಗಳ ಕಾಗುಣಿತ ಹೇಗಿದ್ದರೂ ಸಿಗಬೇಕು. ಇದು ನಿಮಗೆ ಒಂದು ಮಧ್ಯಾಹ್ನದ ಕೆಲಸ.

ಮೂರನೆಯದು ನನ್ನ ಕಸುಬಿನ ಮಾತು. ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದಾಗ ಮೊಳೆ ಜೋಡಿಸುವವರು ಇನ್ನೂ ಇದ್ದರು. ಆಮೇಲೆ ಡಿಟಿಪಿ ಬಂತು, ಒಬ್ಬೊಬ್ಬರದ್ದೂ ಒಂದೊಂದು ಫಾಂಟು. ಆ ಹಳೇ ಫಾಂಟಿನಲ್ಲಿ ಕೂಡಿಸಿದ್ದನ್ನು ಹಾಗೇ ವೆಬ್ ಪುಟಕ್ಕೆ ಅಂಟಿಸಿದರೆ ಓದುವವನ ಮೊಬೈಲಿನಲ್ಲಿ ಕಸ ಕಾಣುತ್ತದೆ. ಯೂನಿಕೋಡಿನಲ್ಲೇ ಇರಬೇಕು. ಯೂನಿಕೋಡಿನ ಮೊದಲ ಆವೃತ್ತಿ ಬಂದ 1991ರಿಂದಲೂ ಕನ್ನಡಕ್ಕೆ ಅಲ್ಲಿ ಜಾಗವಿದೆ, ಆದ್ದರಿಂದ ತಂತ್ರಜ್ಞಾನ ಇನ್ನೂ ಬಂದಿಲ್ಲ ಎಂಬ ರಾಗ ಬೇಡ. ಇನ್ನೊಂದು, ಲೆಕ್ಕವನ್ನು ಮಿಲಿಯನ್ನಿನಲ್ಲಿ ಬರೆಯಬೇಡಿ. ಹತ್ತು ಮಿಲಿಯನ್ ಅಂದರೆ ಒಂದು ಕೋಟಿ ಅಂತ ಬೆರಳು ಎಣಿಸುತ್ತಾ ಕೂರಲು ನಮ್ಮವರಿಗೆ ಪುರುಸೊತ್ತಿಲ್ಲ. ಲಕ್ಷ, ಕೋಟಿ ಅಂತಲೇ ಬರೆಯಿರಿ. ಮಿಷನ್ ತರ್ಜುಮೆ ಮಾಡಿದ್ದನ್ನು ಕನ್ನಡ ಬಲ್ಲವರೊಬ್ಬರು ಪ್ರೂಫ್ ನೋಡದೆ ಏರಿಸಬೇಡಿ. 'ಸ್ವತಂತ್ರ ಫಲಿತಾಂಶ' ಮತ್ತೆ ಹುಟ್ಟಿ ಬಂದೀತು.

ಕನ್ನಡದ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇಕಡಾ 60 ಕನ್ನಡ ಅಂತ ಮಾಡಿದರು. ಅದಕ್ಕಾಗಿ ನೀವು ಬೀದಿಗಿಳಿದಿದ್ದೀರಿ, ಕೆಲವರು ಕೇಸೂ ಹಾಕಿಸಿಕೊಂಡಿದ್ದೀರಿ. ಕಂಪನಿಯ ಗೇಟಿನ ಬೋರ್ಡು ಕನ್ನಡವಾಯಿತು. ಗೇಟಿನೊಳಗೆ ನಮ್ಮ ದುಡ್ಡಿನ ಲೆಕ್ಕ ಇರುವ ಕೋಣೆಯ ಬೋರ್ಡು ಯಾವ ಭಾಷೆಯಲ್ಲಿದೆ ಅಂತ ನಾವು ನೋಡಲೇ ಇಲ್ಲ. ಬೋರ್ಡಿಗೆ ಬಳಿದ ಮಸಿ ಫೋಟೋಗೆ ಚೆನ್ನಾಗಿ ಕಾಣುತ್ತದೆ, ವೆಬ್ ಪುಟಕ್ಕೆ ಮಸಿ ಬಳಿಯಲು ಬರುವುದಿಲ್ಲ. ಇಲ್ಲಿ ಬೇರೆ ಥರ ಕೆಲಸ ಮಾಡಬೇಕು.

ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿ ಡಿಮ್ಯಾಟ್ ಖಾತೆಯಿದೆ, ನನಗೆ ಗೊತ್ತು. ಕರ್ನಾಟಕದಲ್ಲಿ ನೋಂದಾಯಿತ ಕಚೇರಿಯಿರುವ ಯಾವ ಕಂಪನಿಯ ಒಂದೇ ಒಂದು ಷೇರು ನಿಮ್ಮ ಹೆಸರಿನಲ್ಲಿದ್ದರೂ ನೀವು ಅದರ ಪಾಲುದಾರರು, ಭಿಕ್ಷುಕರಲ್ಲ. ಹೂಡಿಕೆದಾರರ ಪುಟದಲ್ಲಿ ದೂರಿನ ಇಮೇಲ್ ಇರಲೇಬೇಕು ಅಂತ ಕಾನೂನಿದೆಯಲ್ಲ, ಅದಕ್ಕೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಕಂಪನಿ ಕಾರ್ಯದರ್ಶಿಗೆ ಅಂತ ಬರೆಯಿರಿ. ಕನ್ನಡದಲ್ಲಿ ಉತ್ತರ ಕೊಡಬೇಕೆಂಬ ಕಟ್ಟಳೆ ಅವರಿಗಿಲ್ಲ, ಅದು ಗೊತ್ತಿರಲಿ. ಅದಕ್ಕೇ ಪತ್ರ ಸಭ್ಯವಾಗಿರಲಿ, ಬೇಡಿಕೆ ಖಚಿತವಾಗಿರಲಿ. ಮಾರ್ಚಿಗೆ ಲೆಕ್ಕದ ವರ್ಷ ಮುಗಿಸುವ ಕಂಪನಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಮಾಡಬೇಕು. 2020ರಿಂದೀಚೆಗೆ ಎಷ್ಟೋ ಸಭೆಗಳು ವಿಡಿಯೋದಲ್ಲೇ ನಡೆಯುತ್ತಿವೆ, ಮಾತಾಡುವವರು ಮೊದಲೇ ಹೆಸರು ಕೊಡಬೇಕು. ಹೇಗೆ ಕೊಡಬೇಕು ಅಂತ ಸಭೆಯ ನೋಟೀಸಿನಲ್ಲಿರುತ್ತದೆ. ಸರದಿ ಬಂದಾಗ ಅಧ್ಯಕ್ಷರನ್ನು ಕನ್ನಡದಲ್ಲೇ ಕೇಳಿ: ಸ್ವಾಮೀ, ನಮ್ಮ ಪುಟ ಕನ್ನಡದಲ್ಲಿ ಯಾವಾಗ?

ಸೆಬಿಗೂ ಬರೆಯಬೇಕು. ಕ್ಯೂಆರ್ ಕೋಡು ಯಾವ ಭಾಷೆಯ ಪತ್ರಿಕೆಯಲ್ಲಿ ಅಚ್ಚಾಗುತ್ತದೋ ಅದೇ ಭಾಷೆಯ ಪುಟಕ್ಕೆ ಕರೆದೊಯ್ಯಬೇಕು ಅಂತ ನಿಯಮಕ್ಕೆ ಒಂದೇ ಒಂದು ಸಾಲು ಸೇರಿಸಿದರೆ ಸಾಕು. ಇದು ಕನ್ನಡಕ್ಕೆ ಮಾತ್ರವಲ್ಲ, ತಮಿಳಿಗೂ ತೆಲುಗಿಗೂ ಮರಾಠಿಗೂ ಬಂಗಾಳಿಗೂ ಆಗುವ ಕೆಲಸ. ಹಾಗಾಗಿ ಆ ಊರುಗಳ ಗೆಳೆಯರಿಗೂ ಈ ಮಾತು ಮುಟ್ಟಿಸಿ.

ಮಾವನಿಗೆ ಐಇಪಿಎಫ್-5ರ ಕಾಗದ ಪತ್ರ ಹೊಂದಿಸಿ ಕಳಿಸಿದ್ದೇವೆ. ಕಂಪನಿಗೆ ಬರೆದ ಮೊದಲ ಕನ್ನಡ ಪತ್ರವನ್ನು ನಾನೇ ಕಂಪೋಸ್ ಮಾಡಿದೆ. ಆ ಪತ್ರದ ಮಾದರಿ ಬೇಕಾದವರು ಪ್ರೆಸ್ಸಿಗೆ ಬಂದು ಒಯ್ಯಬಹುದು, ದುಡ್ಡು ಬೇಡ. ನೀವು ಬರೆದದ್ದರ ಒಂದು ಪ್ರತಿ ನಮಗೂ ಕಳಿಸಿ. ಕಂಪನಿಯಿಂದ ಉತ್ತರ ಬಂದರೆ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಬರದಿದ್ದರೆ, ಪತ್ರ ಹೋದ ತಾರೀಖನ್ನು ಅಚ್ಚು ಹಾಕುತ್ತೇವೆ.